‘ಉತ್ತರ ಬರಲಿಲ್ಲ’ ಬೇರೆ, ‘ತಲುಪಲಾಗಲಿಲ್ಲ’ ಬೇರೆ

ಮಾನ್ಯ ಸಂಪಾದಕರೇ,

ಲೋಕಲ್ ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್, ಕ್ಯಾಮೆರಾ ಅಥವಾ ಇನ್ನೊಂದು ಕಂಪ್ಯೂಟರ್ ಇದ್ದಕ್ಕಿದ್ದಂತೆ ಸಿಗದೇ ಹೋದರೆ ಏನು ಮಾಡಬೇಕೆಂಬುದನ್ನು ಕುರಿತು ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಳೆದ ವಾರ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆಯಾದ್ದರಿಂದ ಲೇಖಕರ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಆದರೆ ಬಹುಕಾಲದಿಂದ ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲೇ ಇರುವ ನನಗೆ, ಅದರಲ್ಲಿನ ಎರಡು ಮಾತುಗಳು ಓದುಗರನ್ನು ದಾರಿ ತಪ್ಪಿಸುತ್ತವೆ ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪಿಂಗ್ ಮಾಡಿದಾಗ, ಅಂದರೆ ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಕಂಪ್ಯೂಟರ್‌ನಿಂದ ಕೇಳಿ ನೋಡಿದಾಗ, ಪರದೆಯ ಮೇಲೆ ಬರುವ ಎರಡು ಭಿನ್ನ ಸಂದೇಶಗಳನ್ನು ಲೇಖನವು ‘ಸಂಪರ್ಕ ಸಾಧ್ಯವಾಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಅನುವಾದಿಸಿ, ಎರಡಕ್ಕೂ ಒಂದೇ ಮದ್ದು ಹೇಳಿದೆ. ಅಲ್ಲದೆ ಆ ಮದ್ದಿನ ಮೂರನೆಯ ಹಂತಕ್ಕೇ ರೂಟರ್‌ನ ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿ ರಿಸೆಟ್ ಮಾಡಿ ಎಂದುಬಿಟ್ಟಿದೆ. ಮೊದಲನೆಯದು ತಪ್ಪು, ಎರಡನೆಯದು ಅಪಾಯ.

ಸಂದೇಶಗಳ ವಿಚಾರವನ್ನು ಮೊದಲು ಎತ್ತಿಕೊಳ್ಳುತ್ತೇನೆ. ಪಿಂಗ್ ಎಂಬುದು 1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞರು, ತಮ್ಮ ಜಾಲದಲ್ಲಿ ಕಾಣಿಸಿಕೊಂಡಿದ್ದ ತೊಂದರೆಯೊಂದನ್ನು ಪತ್ತೆ ಹಚ್ಚಲು ಬರೆದ ಪುಟ್ಟ ಪ್ರೋಗ್ರಾಂ. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದಿನಿಂದ ಅದಕ್ಕೆ ಆ ಹೆಸರು ಬಂತು. ‘ಇದ್ದೀಯಾ?’ ಎಂದು ಕೂಗುವುದು, ‘ಇದ್ದೇನೆ’ ಎಂಬ ಮರುದನಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಅಳೆಯುವುದು, ಇಷ್ಟೇ ಅದರ ಕೆಲಸ. ಆದರೆ ಒಂದೇ ಲೋಕಲ್ ನೆಟ್‌ವರ್ಕ್‌ನೊಳಗೆ ಹೀಗೆ ಕೂಗುವುದಕ್ಕೂ ಮೊದಲು, ನಮ್ಮ ಕಣ್ಣಿಗೆ ಬೀಳದ ಇನ್ನೊಂದು ವ್ಯವಹಾರ ನಡೆಯುತ್ತದೆ. ನಾವು ಕೊಡುವುದು ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಆ ಯಂತ್ರಕ್ಕೆ ಸಿಕ್ಕಿರುವ ಸಂಖ್ಯೆಯನ್ನು. ಕೇಬಲ್ ಅಥವಾ ವೈಫೈ ಮೇಲೆ ಪ್ಯಾಕೆಟ್ (ಮಾಹಿತಿಯ ತುಣುಕು) ಸಾಗಬೇಕಾದರೆ ಬೇಕಾದದ್ದು ಆ ಯಂತ್ರದ ನೆಟ್‌ವರ್ಕ್ ಕಾರ್ಡ್‌ಗೆ ಅಂಟಿಕೊಂಡಿರುವ 48 ಬಿಟ್‌ಗಳ ಮ್ಯಾಕ್ ವಿಳಾಸ. ಆದ್ದರಿಂದ ನಮ್ಮ ಕಂಪ್ಯೂಟರ್ ಮೊದಲು ಇಡೀ ನೆಟ್‌ವರ್ಕ್‌ಗೆ ಕೇಳುವಂತೆ ‘192.168.1.50 ಯಾರದು? ಮ್ಯಾಕ್ ವಿಳಾಸ ತಿಳಿಸಿ’ ಎಂದು ಸಾರುತ್ತದೆ. 1982ರಲ್ಲಿ ದಾಖಲಾದ ಎಆರ್‌ಪಿ ಎಂಬ ಪದ್ಧತಿ ಇದೇ. ಆ ವಿಳಾಸದ ಯಂತ್ರ ‘ನನ್ನದು’ ಎಂದು ಹೇಳಿದ ಮೇಲೆಯೇ ಪಿಂಗ್ ಹೊರಡುತ್ತದೆ.

ಸಾರಿದ ಮಾತಿಗೆ ಯಾರೂ ‘ನನ್ನದು’ ಎನ್ನದಿದ್ದರೆ ಪಿಂಗ್ ನಮ್ಮ ಯಂತ್ರವನ್ನು ಬಿಟ್ಟು ಹೊರಡುವುದೇ ಇಲ್ಲ. ಆಗ ಬರುವ ಸಂದೇಶ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’, ಅಂದರೆ ಆ ಯಂತ್ರವನ್ನು ತಲುಪಲಾಗಲಿಲ್ಲ. ವಿಂಡೋಸ್‌ನಲ್ಲಿ ಈ ಸಾಲನ್ನು ಪೂರ್ತಿ ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ: ಸಾಲಿನ ಆರಂಭದಲ್ಲಿ ‘ರಿಪ್ಲೈ ಫ್ರಂ’ ಎಂದಿದ್ದು, ಅದರ ಮುಂದೆ ಇರುವ ವಿಳಾಸ ಪ್ರಿಂಟರ್‌ನದಲ್ಲ, ನಮ್ಮದೇ ಕಂಪ್ಯೂಟರ್‌ನದು. ಅಂದರೆ ‘ನಾನೇ ಹುಡುಕಿದೆ, ಅಂಥವರು ಯಾರೂ ಸಿಗಲಿಲ್ಲ’ ಎಂದು ನಮ್ಮ ಯಂತ್ರವೇ ನಮಗೆ ವರದಿ ಒಪ್ಪಿಸುತ್ತಿದೆ. ಇನ್ನೂ ಮೋಜಿನ ಸಂಗತಿಯೆಂದರೆ, ಕೊನೆಯಲ್ಲಿ ಬರುವ ಲೆಕ್ಕದಲ್ಲಿ ವಿಂಡೋಸ್ ಈ ವರದಿಗಳನ್ನೂ ಬಂದ ಉತ್ತರಗಳ ಸಾಲಿಗೇ ಸೇರಿಸಿ, ಕಳಿಸಿದ್ದು 4, ಬಂದದ್ದು 4, ನಷ್ಟ 0% ಎಂದು ತೋರಿಸುತ್ತದೆ. ಬರಿಯ ಕೊನೆಯ ಸಾಲನ್ನು ನೋಡಿ ‘ಪಿಂಗ್ ಸರಿಯಾಗಿಯೇ ಇದೆ, ಪ್ರಿಂಟರ್‌ನಲ್ಲೇ ದೋಷ’ ಎಂದು ತೀರ್ಮಾನಿಸಿ, ಪ್ರಿಂಟರನ್ನು ದುರಸ್ತಿಗೆ ಹೊತ್ತುಕೊಂಡು ಹೋದವರನ್ನು ನಾನು ನೋಡಿದ್ದೇನೆ.

‘ರಿಕ್ವೆಸ್ಟ್ ಟೈಮ್ಡ್ ಔಟ್’, ಅಂದರೆ ಕಾಯುವ ಸಮಯ ಮುಗಿಯಿತು, ಎಂಬುದರ ಕತೆಯೇ ಬೇರೆ. ಇಲ್ಲಿ ಪಿಂಗ್ ಹೊರಟಿದೆ, ಉತ್ತರ ಮಾತ್ರ ಮರಳಿಲ್ಲ. ವಿಳಾಸ ನಮ್ಮ ಲೋಕಲ್ ನೆಟ್‌ವರ್ಕ್‌ನದ್ದೇ ಆಗಿದ್ದರೆ, ಆ ವಿಳಾಸದ ಯಂತ್ರ ಎಆರ್‌ಪಿಗೆ ‘ನನ್ನದು’ ಎಂದಿದೆ, ಪಿಂಗ್‌ಗೆ ಬಾಯಿ ಮುಚ್ಚಿಕೊಂಡಿದೆ. ಸಾಮಾನ್ಯವಾಗಿ ಇದು ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆಯ ಕೆಲಸ. ವಿಂಡೋಸ್ ಯಂತ್ರವನ್ನು ಹೊಸ ನೆಟ್‌ವರ್ಕ್‌ಗೆ ಸೇರಿಸಿದಾಗ ಅದನ್ನು ‘ಪಬ್ಲಿಕ್’ ಎಂದು ಗುರುತಿಸಿಬಿಟ್ಟರೆ, ಆ ಯಂತ್ರ ಪಿಂಗ್‌ಗೆ ಉತ್ತರಿಸುವುದಿಲ್ಲ, ಹಂಚಿಕೊಂಡ ಫೋಲ್ಡರ್‌ಗಳನ್ನೂ ತೋರಿಸುವುದಿಲ್ಲ. ಅದನ್ನು ‘ಪ್ರೈವೇಟ್’ ಎಂದು ಬದಲಿಸಿ ಹಂಚಿಕೆಗೆ ಅನುಮತಿ ಕೊಟ್ಟರೆ ಹತ್ತು ಸೆಕೆಂಡಿನಲ್ಲಿ ಮುಗಿಯುವ ತಾಪತ್ರಯವದು. ಇಂಥ ಕಡೆ ಕೇಬಲ್ ಎಳೆದಾಡಿ, ರೂಟರ್ ಆರಿಸಿ ಹಚ್ಚಿ ಫಲವೇನು?

ಇಲ್ಲೊಂದು ಉಪಾಯವನ್ನು ಓದುಗರ ಗಮನಕ್ಕೆ ತರಬೇಕು. ಫೈರ್‌ವಾಲ್ ಹಾಕಿಕೊಂಡ ಯಂತ್ರ ಪಿಂಗ್‌ಗೆ ಮೌನವಾಗಿರಬಹುದು, ಎಆರ್‌ಪಿಗೆ ಮೌನವಾಗಿದ್ದರೆ ಅದು ನೆಟ್‌ವರ್ಕ್‌ನಲ್ಲಿ ಬದುಕಲಾರದು. ಯಾಕೆಂದರೆ ಅದರ ಮ್ಯಾಕ್ ವಿಳಾಸ ಗೊತ್ತಿಲ್ಲದೆ ರೂಟರ್ ಕೂಡ ಅದಕ್ಕೆ ಏನನ್ನೂ ತಲುಪಿಸಲಾಗದು. ಆದ್ದರಿಂದ ಪಿಂಗ್ ಮಾಡಿದ ಕೂಡಲೇ ಆದೇಶ ಟೈಪ್ ಮಾಡುವ ಅದೇ ಕಪ್ಪು ಕಿಟಕಿಯಲ್ಲಿ ಎಆರ್‌ಪಿ ಆದೇಶ ಕೊಟ್ಟು, ಮುಂದೆ ಒಂದು ಅಡ್ಡಗೆರೆ ಹಾಗೂ ‘ಎ’ ಅಕ್ಷರ ಹಾಕಿ (arp -a) ನೋಡಬೇಕು. ಬರುವ ಪಟ್ಟಿಯಲ್ಲಿ ನಾವು ಹುಡುಕುತ್ತಿರುವ ವಿಳಾಸದ ಎದುರು ಮ್ಯಾಕ್ ವಿಳಾಸ ಕಂಡರೆ ಯಂತ್ರ ಜೀವಂತವಾಗಿದೆ, ಕೇಬಲ್ ಸರಿಯಿದೆ, ವಿಳಾಸ ಬದಲಾಗಿಲ್ಲ ಎಂದು ಒಂದೇ ಏಟಿಗೆ ತಿಳಿಯುತ್ತದೆ. ಆ ಮ್ಯಾಕ್‌ನ ಮೊದಲರ್ಧ, ಅಂದರೆ 24 ಬಿಟ್‌ಗಳು, ತಯಾರಕರ ಗುರುತಾಗಿರುವುದರಿಂದ, ಪ್ರಿಂಟರ್ ಇರಬೇಕಾದ ವಿಳಾಸದಲ್ಲಿ ಯಾರದೋ ಫೋನ್ ಬಂದು ಕೂತಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕಂಪ್ಯೂಟರ್ ಈ ಪಟ್ಟಿಯನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಈಗಷ್ಟೇ ಆರಿಸಿದ ಯಂತ್ರಕ್ಕೆ ಪಿಂಗ್ ಮಾಡಿದರೆ ಹಳೆಯ ನೆನಪಿನ ಮೇಲೆಯೇ ಪ್ಯಾಕೆಟ್ ಹೊರಟು ‘ಟೈಮ್ಡ್ ಔಟ್’ ಬರಬಹುದು. ಒಂದೆರಡು ನಿಮಿಷ ಬಿಟ್ಟು ಮತ್ತೆ ಕೇಳಿದರೆ ನಿಜ ಹೊರಬೀಳುತ್ತದೆ.

ಈ ವ್ಯತ್ಯಾಸ ಬರಿಯ ಪಾಂಡಿತ್ಯವಲ್ಲ ಎಂಬುದಕ್ಕೆ ನನ್ನ ಅನುಭವದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಚೇರಿಯೊಂದರಲ್ಲಿ ಎಲ್ಲರೂ ಬಳಸುವ ಪ್ರಿಂಟರ್ ಒಂದು ಬೆಳಿಗ್ಗೆ ಯಾರಿಗೂ ಸಿಗದಂತಾಯಿತು. ಒಬ್ಬರು ಅದರ ವಿಳಾಸವಾಗಿದ್ದ 192.168.1.50ಕ್ಕೆ ಪಿಂಗ್ ಮಾಡಿದಾಗ ‘ಅನ್‌ರೀಚಬಲ್’ ಎಂದು ಬಂತು. ಇನ್ನೊಬ್ಬರು ಸ್ವಲ್ಪ ತಿಳಿದವರು. ಪ್ರಿಂಟರ್‌ನ ಪುಟ್ಟ ಪರದೆಯ ಮೆನುವಿಗೆ ಹೋಗಿ, ಅದರ ವಿಳಾಸ 192.168.0.104 ಆಗಿರುವುದನ್ನು ಕಂಡು, ಆ ಹೊಸ ವಿಳಾಸಕ್ಕೆ ಪಿಂಗ್ ಮಾಡಿದರು. ಈ ಬಾರಿ ‘ಟೈಮ್ಡ್ ಔಟ್’. ಎರಡೂ ಒಂದೇ ಎಂದುಕೊಂಡ ಅವರು ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯವರು ಎದುರಿಗಿದ್ದ ಪಟ್ಟಿಯನ್ನು ಓದುತ್ತಾ ರೂಟರ್ ರಿಸೆಟ್ ಮಾಡಿಸಿದರು. ಇಂಟರ್‌ನೆಟ್ ಸೇವೆಯ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಆ ರೂಟರ್‌ನೊಳಗೆ ಮಾತ್ರ ಇದ್ದವು; ಯಾರ ಬಳಿಯೂ ಬರೆದಿಟ್ಟಿರಲಿಲ್ಲ. ಪ್ರಿಂಟರ್ ಸಿಗುವುದಿಲ್ಲವೆಂದು ಶುರುವಾದದ್ದು, ಮಧ್ಯಾಹ್ನದ ಹೊತ್ತಿಗೆ ಇಡೀ ಕಚೇರಿಗೆ ಇಂಟರ್‌ನೆಟ್ ಇಲ್ಲ ಎಂಬಲ್ಲಿಗೆ ಬಂದು ನಿಂತಿತು. ನನ್ನನ್ನು ಕರೆಸಿದ್ದು ಆಗ.

ಸೇವೆಯವರಿಂದ ಪಾಸ್‌ವರ್ಡ್ ಮರಳಿ ಪಡೆದು ಇಂಟರ್‌ನೆಟ್ ಬರಿಸಿದ ಮೇಲೆ, ಪ್ರಿಂಟರ್ ಇದ್ದ ಹಾಗೆಯೇ ಇತ್ತು, ಇನ್ನೂ ಸಿಗುತ್ತಿರಲಿಲ್ಲ. ಆದರೆ ಮೂಲೆಯ ಮೇಜಿನ ಹುಡುಗನೊಬ್ಬ ‘ಸಾರ್, ನನ್ನ ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಬರುತ್ತೆ, ಇಂಟರ್‌ನೆಟ್ ಮಾತ್ರ ಇಲ್ಲ’ ಎಂದ. ಮಿಕ್ಕವರಿಗೆ ಇಂಟರ್‌ನೆಟ್ ಇದ್ದು ಪ್ರಿಂಟ್ ಇಲ್ಲ, ಇವನಿಗೆ ಪ್ರಿಂಟ್ ಇದ್ದು ಇಂಟರ್‌ನೆಟ್ ಇಲ್ಲ. ಆ ಒಂದು ಮಾತಿನಲ್ಲೇ ಗುಟ್ಟು ಇತ್ತು. ಅವನ ಲ್ಯಾಪ್‌ಟಾಪ್‌ನಲ್ಲಿ, ಯಂತ್ರದ ವಿಳಾಸ ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟು ನೋಡಿದರೆ ಅದರ ವಿಳಾಸವೂ 192.168.0 ಸರಣಿಯದ್ದೇ ಆಗಿತ್ತು, ಗೇಟ್‌ವೇ (ಹೊರಗೆ ಹೋಗುವ ದಾರಿಯಾದ ರೂಟರ್‌ನ ವಿಳಾಸ) ಎಂದು 192.168.0.1 ಕಾಣುತ್ತಿತ್ತು, ಆದರೆ ಕಚೇರಿಯ ರೂಟರ್ ಇರುವುದು 192.168.1.1ರಲ್ಲಿ. ಅಂದರೆ ಅದೇ ತಂತಿಗಳ ಮೇಲೆ ಇನ್ನೊಂದು ರೂಟರ್ ಎಲ್ಲಿಂದಲೋ ವಿಳಾಸ ಹಂಚುತ್ತಿತ್ತು. ಹುಡುಕಿದಾಗ ಅದು ಸಭಾ ಕೊಠಡಿಯ ಬೀರುವಿನ ಮೇಲೆ, ಹಳೆಯ ಕಡತಗಳ ಹಿಂದೆ, ಹಸಿರು ದೀಪ ಮಿಣುಕಿಸುತ್ತಾ ಕೂತಿತ್ತು. ಎರಡು ದಿನದ ಹಿಂದೆ ಅಲ್ಲಿ ವೈಫೈ ಸಿಗುವುದಿಲ್ಲವೆಂದು ಯಾರೋ ಮನೆಯಿಂದ ತಂದು, ಗೋಡೆಯ ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೆ (ಒಳಗಿನ ಯಂತ್ರಗಳಿಗೆಂದು ಇರುವ ಕಿಂಡಿಗೆ) ಸಿಕ್ಕಿಸಿ, ಸಭೆ ಮುಗಿದ ಮೇಲೆ ಮರೆತು ಹೋಗಿದ್ದರು.

ವಿಳಾಸ ಕೊಡುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಸ್ವಭಾವ ಗೊತ್ತಿದ್ದರೆ ಮುಂದಿನದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹೊಸದಾಗಿ ಎದ್ದ ಯಂತ್ರ ‘ನನಗೊಂದು ವಿಳಾಸ ಕೊಡಿ’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಕೊಡುವವರು ಇಬ್ಬರಿದ್ದರೆ ಸಾಮಾನ್ಯವಾಗಿ ಯಾರ ದನಿ ಮೊದಲು ಮುಟ್ಟುತ್ತದೋ ಅವರದ್ದನ್ನು ಒಪ್ಪಿಕೊಳ್ಳುತ್ತದೆ. ರಾತ್ರಿ ಆರಿಸಿದ ಪ್ರಿಂಟರನ್ನು ಬೆಳಿಗ್ಗೆ ಹಚ್ಚಿದಾಗ ಸಣ್ಣ ರೂಟರ್ ಮೊದಲು ಉತ್ತರಿಸಿತು. ಹಳೆಯ ವಿಳಾಸದಲ್ಲಿ ಯಾರೂ ಇಲ್ಲದ್ದರಿಂದ ಎಆರ್‌ಪಿಗೆ ಉತ್ತರವಿರಲಿಲ್ಲ, ‘ಅನ್‌ರೀಚಬಲ್’ ಎಂದು ಬಂತು. ಹೊಸ ವಿಳಾಸ ಬೇರೆ ಸರಣಿಯದಾದ್ದರಿಂದ ಕಂಪ್ಯೂಟರ್ ಅದನ್ನು ಹೊರಗಿನದೆಂದು ಬಗೆದು ಪಿಂಗನ್ನು ಮುಖ್ಯ ರೂಟರ್‌ಗೆ ಕೊಟ್ಟಿತು, ರೂಟರ್ ಅದನ್ನು ಇಂಟರ್‌ನೆಟ್‌ನತ್ತ ತಳ್ಳಿತು, ಅಲ್ಲಿ ಅದು ಎಲ್ಲೋ ಕಳೆದುಹೋಯಿತು. ಹಾಗಾಗಿ ‘ಟೈಮ್ಡ್ ಔಟ್’. ಮೂರು ಮಾರು ದೂರದಲ್ಲಿದ್ದ ಪ್ರಿಂಟರನ್ನು ಹುಡುಕಲು ಪಿಂಗ್ ಊರಾಚೆಗೆ ಹೋಗಿತ್ತು ಎನ್ನಬಹುದು. ಎರಡು ಸಂದೇಶಗಳ ವ್ಯತ್ಯಾಸವನ್ನು ಆ ಬೆಳಿಗ್ಗೆ ಯಾರಾದರೂ ಗಮನಿಸಿದ್ದರೆ, ‘ಎರಡನೆಯ ಪಿಂಗ್ ಬೇರೆ ದಾರಿ ಹಿಡಿದದ್ದೇಕೆ’ ಎಂಬ ಪ್ರಶ್ನೆ ಏಳುತ್ತಿತ್ತು, ರಿಸೆಟ್ ಪಿನ್ನಿಗೆ ಕೈ ಹೋಗುತ್ತಿರಲಿಲ್ಲ. ಸಣ್ಣ ರೂಟರ್‌ನ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದಕ್ಕೆ 192.168.1.2 ಎಂಬ ವಿಳಾಸ ಕೊಟ್ಟು, ಅದನ್ನು ವೈಫೈಗಾಗಿ ಮಾತ್ರ ಅಲ್ಲೇ ಉಳಿಸಿದೆ. ಪ್ರಿಂಟರನ್ನು ಆರಿಸಿ ಹಚ್ಚಿ, ಮುಖ್ಯ ರೂಟರ್‌ನಲ್ಲಿ ಅದರ ಮ್ಯಾಕ್‌ಗೆ 192.168.1.50 ಅನ್ನು ಕಾಯ್ದಿರಿಸಿದೆ. ಒಟ್ಟು ಹತ್ತು ನಿಮಿಷದ ಕೆಲಸ.

ಹಾಗಾದರೆ ಯಂತ್ರ ಸಿಗದಾಗ ಎಲ್ಲಿಂದ ಶುರುಮಾಡಬೇಕು? ಪ್ರತಿಸಲವೂ ನಾನು ತಂತಿಯಿಂದಲೇ ಶುರುಮಾಡುತ್ತೇನೆ. ಎಷ್ಟೇ ಅನುಭವವಿದ್ದರೂ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೇಬಲ್ ಸೇರುವ ಜಾಗದ ಪಕ್ಕದ ಲಿಂಕ್ ದೀಪ ಎರಡೂ ತುದಿಯಲ್ಲಿ ಹೊತ್ತಿದೆಯೇ ಎಂದು ನೋಡಬೇಕು. ಕೇಬಲ್ ತುದಿಯ ಆರ್‌ಜೆ-45 ಜ್ಯಾಕ್‌ನ ಮೇಲಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಅದು ನೋಡಲು ಕೂತಂತೆಯೇ ಇರುತ್ತದೆ, ಆದರೆ ಯಾರೋ ಕುರ್ಚಿ ಸರಿಸಿದಾಗ ಕೂದಲೆಳೆಯಷ್ಟು ಹೊರಬಂದು ದೀಪ ಆರುತ್ತದೆ; ಬೆರಳಿಂದ ಒತ್ತಿದಾಗ ‘ಟಿಕ್’ ಎನ್ನದ ಜ್ಯಾಕನ್ನು ನಾನು ನಂಬುವುದಿಲ್ಲ. ಕೇಬಲ್‌ನೊಳಗಿನ 8 ಎಳೆಗಳಲ್ಲಿ ಒಂದು ಮುರಿದರೂ ಪೂರ್ತಿ ಸಂಪರ್ಕ ಹೋಗಲೇಬೇಕೆಂದಿಲ್ಲ: ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಆದ್ದರಿಂದ ಸಂಪರ್ಕ ಇದ್ದೂ ವೇಗ ಏಕಾಏಕಿ 100ಕ್ಕೆ ಇಳಿದಿದ್ದರೆ ಅದು ಕೇಬಲ್ ಸಾಯುವ ಮುನ್ಸೂಚನೆ. ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ ಇರುವುದನ್ನು ಮರೆತು ಎಳೆದವರ ಕೆಲಸವೂ ಹೀಗೇ ಕೈಕೊಡುತ್ತದೆ. ಅನುಮಾನವಿದ್ದರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಪಕ್ಕದ ಯಂತ್ರದ ಕೇಬಲನ್ನು ಇದಕ್ಕೆ ಹಾಕಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲ್, ಪೋರ್ಟ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಮುಂದಿನ ತಿಂಗಳು ಮತ್ತೆ ಕೆಟ್ಟಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ದೀಪ ಸರಿಯಿದ್ದರೆ ಮುಂದಿನದು ವಿಳಾಸ. ಸಿಗದ ಯಂತ್ರದ ಬಳಿಗೇ ಹೋಗಿ, ಅದರ ಪರದೆಯಲ್ಲೋ ಅದು ಮುದ್ರಿಸಿಕೊಡುವ ಸ್ಥಿತಿ ಪುಟದಲ್ಲೋ ಈಗಿನ ವಿಳಾಸ ಏನೆಂದು ಓದಬೇಕು. ಆರು ತಿಂಗಳ ಹಿಂದೆ ಚೀಟಿಯಲ್ಲಿ ಬರೆದು ಅಂಟಿಸಿದ್ದನ್ನು ನೆಚ್ಚಬಾರದು. 169.254ರಿಂದ ಶುರುವಾಗುವ ವಿಳಾಸ ಕಂಡರೆ, ಅದು ಯಾರೂ ಕೊಟ್ಟ ವಿಳಾಸವಲ್ಲ, ಕೇಳಿ ಕೇಳಿ ಉತ್ತರ ಸಿಗದ ಯಂತ್ರ ತಾನೇ ಇಟ್ಟುಕೊಂಡದ್ದು ಎಂದರ್ಥ. ಆಗ ತೊಂದರೆ ಇರುವುದು ಯಂತ್ರ ಮತ್ತು ರೂಟರ್ ನಡುವಿನ ದಾರಿಯಲ್ಲಿ ಅಥವಾ ವಿಳಾಸ ಕೊಡುವವನಲ್ಲಿ. ಸರಣಿ ಸರಿಯಿದ್ದು ಕೊನೆಯ ಸಂಖ್ಯೆ ಮಾತ್ರ ಬದಲಾಗಿದ್ದರೆ ಡಿಎಚ್‌ಸಿಪಿ ವಿಳಾಸ ಕೊಟ್ಟಿದ್ದ ಬಾಡಿಗೆ ಅವಧಿ ಮುಗಿದು ಬೇರೆ ವಿಳಾಸ ಬಂದಿದೆಯಷ್ಟೇ. ನಾನು ನೋಡಿದ ‘ಪ್ರಿಂಟರ್ ಸಿಗುತ್ತಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಜಾತಿಯವು. ಪ್ರಿಂಟರ್, ಕ್ಯಾಮೆರಾ, ಕಡತ ಇಡುವ ಡಿಸ್ಕ್ ಪೆಟ್ಟಿಗೆ, ಇಂಥ ಜಾಗ ಬಿಟ್ಟು ಕದಲದ ಯಂತ್ರಗಳಿಗೆ ರೂಟರ್‌ನಲ್ಲೇ ವಿಳಾಸ ಕಾಯ್ದಿರಿಸುವುದು ಇದಕ್ಕೆ ಶಾಶ್ವತ ಪರಿಹಾರ. ಯಂತ್ರದಲ್ಲೇ ಕೈಯಾರೆ ವಿಳಾಸ ಬರೆಯುವುದಾದರೆ, ರೂಟರ್ ಹಂಚುವ ವ್ಯಾಪ್ತಿಯ ಹೊರಗಿನ ಸಂಖ್ಯೆಯನ್ನು ಆರಿಸಬೇಕು. ಇಲ್ಲವಾದರೆ ಒಂದು ದಿನ ರೂಟರ್ ಅದೇ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಟ್ಟು, ಒಮ್ಮೆ ಸಿಗುವ ಒಮ್ಮೆ ಸಿಗದ, ಹಿಡಿಯಲು ಬಲು ಕಷ್ಟದ ತೊಂದರೆ ಹುಟ್ಟುತ್ತದೆ. ಫೋನ್‌ಗಳಿಗೆ ವಿಳಾಸ ಕಾಯ್ದಿರಿಸುವವರು ಇನ್ನೊಂದನ್ನು ತಿಳಿದಿರಬೇಕು: 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದೀಚೆಗೆ ಫೋನ್‌ಗಳು ಗೌಪ್ಯತೆಗಾಗಿ ವೈಫೈಗೊಂದರಂತೆ ಕೃತಕ ಮ್ಯಾಕ್ ವಿಳಾಸ ತೋರಿಸುತ್ತವೆ, ಹಾಗಾಗಿ ಕಾರ್ಖಾನೆಯ ಮ್ಯಾಕ್‌ಗೆ ಕಾಯ್ದಿರಿಸಿದ್ದು ಅವಕ್ಕೆ ಸಲ್ಲುವುದಿಲ್ಲ.

ವೈಫೈ ವಿಚಾರದಲ್ಲಿ ಲೇಖನ ಸಿಗ್ನಲ್ ಕಡ್ಡಿಗಳನ್ನು ಎಣಿಸಲು ಹೇಳಿದೆ. ಅದು ತಪ್ಪಲ್ಲ, ಆದರೆ ಕಡ್ಡಿ ಪೂರ್ತಿ ಇದ್ದೂ, ಎರಡೂ ಯಂತ್ರಗಳಲ್ಲಿ ಇಂಟರ್‌ನೆಟ್ ಚೆನ್ನಾಗಿ ಓಡುತ್ತಿದ್ದೂ, ಒಂದಕ್ಕೊಂದು ಮಾತ್ರ ಕಾಣದಿದ್ದರೆ ಅದು ಸಿಗ್ನಲ್ ದೋಷವಲ್ಲ. ಎರಡರಲ್ಲೊಂದು ಅತಿಥಿಗಳಿಗೆಂದು ಮಾಡಿದ ಗೆಸ್ಟ್ ವೈಫೈಗೆ ಸೇರಿಕೊಂಡಿರಬಹುದು, ಅಥವಾ ವೈಫೈಯಲ್ಲಿ ಐಸೊಲೇಶನ್ ಎಂಬ ಸೆಟ್ಟಿಂಗ್ ಚಾಲೂ ಇರಬಹುದು. ಇವೆರಡೂ ಯಂತ್ರಗಳನ್ನು ಪರಸ್ಪರ ದೂರವಿಡಲೆಂದೇ ಮಾಡಿದ ಏರ್ಪಾಡುಗಳು. ಅವು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತವೆ. ಫೋನ್ ತಾನಾಗಿ ಮೊಬೈಲ್ ಡೇಟಾಕ್ಕೆ ಜಾರಿದ್ದರೂ, ಕಚೇರಿಯ ವಿಪಿಎನ್ (ಇಂಟರ್‌ನೆಟ್ ಮೂಲಕ ಬೇರೊಂದು ಜಾಲಕ್ಕೆ ಸೇರಿಸುವ ಖಾಸಗಿ ಸಂಪರ್ಕ) ಚಾಲೂ ಇದ್ದರೂ ಇದೇ ಲಕ್ಷಣ ಕಾಣುತ್ತದೆ.

ಪಿಂಗ್‌ಗೆ ಉತ್ತರ ಬರುತ್ತದೆ, ಆದರೂ ಕೆಲಸವಾಗುವುದಿಲ್ಲ ಎಂಬ ಸಂದರ್ಭವನ್ನು ಲೇಖನ ಮುಟ್ಟಿಯೇ ಇಲ್ಲ. ವಿಳಾಸ ಹಾಕಿದರೆ ತೆರೆಯುವ ಹಂಚಿಕೆ ಫೋಲ್ಡರ್, ಹೆಸರು ಹಾಕಿದರೆ ತೆರೆಯದಿದ್ದರೆ ದೋಷ ಹೆಸರನ್ನು ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯಲ್ಲಿದೆ. ತಂತಿಯನ್ನು ದೂರಿ ಪ್ರಯೋಜನವಿಲ್ಲ. ವಿಳಾಸ ಹಾಕಿದರೂ ತೆರೆಯದಿದ್ದರೆ ಆ ಕೆಲಸದ ಪೋರ್ಟ್ ಮುಚ್ಚಿರಬಹುದು, ಏಕೆಂದರೆ ಮುದ್ರಣಕ್ಕೆ ಸಾಮಾನ್ಯವಾಗಿ 9100, ವಿಂಡೋಸ್ ಹಂಚಿಕೆಗೆ 445, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಬಾಗಿಲು. ಪಿಂಗ್ ಈ ಯಾವ ಬಾಗಿಲನ್ನೂ ತಟ್ಟುವುದಿಲ್ಲ. ಹಳೆಯ ಡಿಸ್ಕ್ ಪೆಟ್ಟಿಗೆಗಳ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಅವು ವಿಂಡೋಸ್ ಹಂಚಿಕೆಯ ಭಾಷೆಯಾದ ಎಸ್‌ಎಂಬಿಯ ಮೊದಲ ಆವೃತ್ತಿಯನ್ನಷ್ಟೇ ಮಾತನಾಡಬಲ್ಲವು. ಆ ಆವೃತ್ತಿ ಸುರಕ್ಷಿತವಲ್ಲವೆಂದು 2017ರ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಸಹಜವಾಗಿ ಸೇರಿಸುವುದನ್ನು ನಿಲ್ಲಿಸಿತು. ಹೊಸ ಕಂಪ್ಯೂಟರ್ ತಂದ ದಿನವೇ ಹಳೆಯ ಪೆಟ್ಟಿಗೆ ‘ಕೆಟ್ಟುಹೋಯಿತು’ ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ರಿಸೆಟ್. ಆರಿಸಿ ಹಚ್ಚುವುದಕ್ಕೆ ನನ್ನ ವಿರೋಧವಿಲ್ಲ. ಅದು ಬಹಳ ಸಲ ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಕೆಲಸ ಮಾಡಿದ ಮಾತ್ರಕ್ಕೆ ಕಾರಣ ಸಿಕ್ಕಂತಾಗುವುದಿಲ್ಲ. ಮೇಲಿನ ಪ್ರಸಂಗದಲ್ಲಿ ಪ್ರಿಂಟರನ್ನು ಹತ್ತು ಸಲ ಆರಿಸಿ ಹಚ್ಚಿದ್ದರೆ, ಒಂದೆರಡು ಸಲ ಮುಖ್ಯ ರೂಟರ್‌ನ ಉತ್ತರವೇ ಮೊದಲು ಮುಟ್ಟಿ ಅದು ಸರಿಹೋಗುತ್ತಿತ್ತು. ಎಲ್ಲರೂ ನಿಟ್ಟುಸಿರು ಬಿಟ್ಟು, ನಾಳೆ ಬೆಳಿಗ್ಗೆ ಮತ್ತೆ ಅದೇ ಗೋಳಿಗೆ ಸಿದ್ಧರಾಗುತ್ತಿದ್ದರು. ಆದ್ದರಿಂದ ಸ್ವಿಚ್ ಆರಿಸುವ ಮೊದಲು ಪರದೆಯ ಮೇಲಿನ ಸಂದೇಶ, ಎರಡೂ ಯಂತ್ರಗಳ ವಿಳಾಸ, ಗೇಟ್‌ವೇ, ಲಿಂಕ್ ದೀಪದ ಸ್ಥಿತಿ, ಇಷ್ಟನ್ನು ಫೋನ್‌ನಲ್ಲಿ ಒಂದು ಫೋಟೋ ಹಿಡಿದಿಟ್ಟುಕೊಳ್ಳಿ ಎಂದಾದರೂ ಲೇಖನ ಹೇಳಬಹುದಿತ್ತು. ಆರಿಸಿ ಹಚ್ಚಿದರೆ ಸೆಟ್ಟಿಂಗ್‌ಗಳು ಉಳಿಯುತ್ತವೆ. ಪಿನ್ನು ಚುಚ್ಚಿ ರಿಸೆಟ್ ಮಾಡಿದರೆ ರೂಟರ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ಇಂಟರ್‌ನೆಟ್ ಸೇವೆಯ ಲಾಗಿನ್ ವಿವರ, ವೈಫೈ ಹೆಸರು ಮತ್ತು ಪಾಸ್‌ವರ್ಡ್, ಕಾಯ್ದಿರಿಸಿದ ವಿಳಾಸಗಳು, ಕ್ಯಾಮೆರಾಕ್ಕೆಂದು ತೆರೆದಿಟ್ಟ ಪೋರ್ಟ್‌ಗಳು ಎಲ್ಲವೂ ಅಳಿಸುತ್ತವೆ. ವೈಫೈ ಹೆಸರು ಬದಲಾದರೆ ಅದಕ್ಕೆ ಸೇರಿದ್ದ ಪ್ರತಿಯೊಂದು ಯಂತ್ರವನ್ನೂ ಮತ್ತೆ ಸೇರಿಸಬೇಕು. ಸಿಗದೇ ಹೋದದ್ದು ಒಂದು ಯಂತ್ರ. ರಿಸೆಟ್ ಮಾಡಿದ ಮೇಲೆ ಸಿಗದೇ ಹೋಗುವುದು ಎಲ್ಲವೂ. ಮಿಕ್ಕ ಯಂತ್ರಗಳೆಲ್ಲ ಒಂದಕ್ಕೊಂದು ಸಿಗುತ್ತಿವೆ, ಒಂದೇ ಒಂದು ಮಾತ್ರ ಸಿಗುತ್ತಿಲ್ಲ ಎಂದಾದರೆ ದೋಷವು ರೂಟರ್‌ನಲ್ಲಿರುವ ಸಂಭವವೇ ಕಡಿಮೆ ಎಂಬ ಸರಳ ಯೋಚನೆ ಸಾಕಿತ್ತು. ಸಹಾಯವಾಣಿಯವರ ಪಟ್ಟಿಗಳಲ್ಲಿ ಇದು ಮೇಲ್ಗಡೆಯೇ ಇರುವುದಕ್ಕೆ ಕಾರಣ ಬಹುಶಃ ಅವರ ಅನುಕೂಲ. ಪತ್ರಿಕೆಯ ಓದುಗರಿಗೂ ಅದನ್ನೇ ಒಪ್ಪಿಸುವ ಅಗತ್ಯ ಇರಲಿಲ್ಲ.

ನನ್ನ ಕೋರಿಕೆ ಎರಡು. ಲೇಖನದ ಮುಂದಿನ ಕಂತಿನಲ್ಲಿ ಮೇಲಿನ ಎರಡು ಸಂದೇಶಗಳನ್ನು ಪರದೆಯ ಮೇಲೆ ಕಾಣುವ ಹಾಗೆಯೇ, ಕನ್ನಡ ಲಿಪಿಯಲ್ಲಿ, ಬೇರೆ ಬೇರೆಯಾಗಿ ಅಚ್ಚು ಹಾಕಿ, ಮೊದಲನೆಯದಕ್ಕೆ ‘ಆ ವಿಳಾಸದಲ್ಲಿ ಯಾರೂ ಇಲ್ಲ’ ಎಂದೂ ಎರಡನೆಯದಕ್ಕೆ ‘ಕಳಿಸಿದ್ದಕ್ಕೆ ಉತ್ತರ ಬರಲಿಲ್ಲ’ ಎಂದೂ ಅರ್ಥ ಕೊಡಬೇಕು. ಅನುವಾದ ಇದಕ್ಕಿಂತ ಚೆನ್ನಾಗಿ ಬಂದರೆ ಇನ್ನೂ ಒಳ್ಳೆಯದು, ಎರಡಕ್ಕೂ ಒಂದೇ ಮಾತು ಮಾತ್ರ ಬೇಡ. ರಿಸೆಟ್ ಸಲಹೆಯನ್ನು ಮೂರನೆಯ ಹಂತದಿಂದ ತೆಗೆದು, ಸೆಟ್ಟಿಂಗ್‌ಗಳ ಬ್ಯಾಕಪ್ ಕೈಯಲ್ಲಿದ್ದು, ಇಂಟರ್‌ನೆಟ್ ಸೇವೆಯ ಲಾಗಿನ್ ವಿವರ ಕಾಗದದ ಮೇಲೆ ಬರೆದಿದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ ಕೊನೆಗೆ ಹಾಕಬೇಕು. ಕಳೆದ ವಾರದ ಪುಟವನ್ನು ಕತ್ತರಿಸಿ ರೂಟರ್ ಪಕ್ಕದ ಗೋಡೆಗೆ ಅಂಟಿಸಿಕೊಂಡವರು ಇದ್ದಾರೆ. ನಾನು ಈ ವಾರ ಹೋದ ಒಂದು ಕಡೆ ಅದನ್ನು ಕಣ್ಣಾರೆ ಕಂಡೆ. ಅನುಮತಿ ಕೇಳಿ, ಮೂರನೆಯ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದು ಬಂದಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿರುವ ಒಬ್ಬ ಓದುಗ